ಪಡುವಲಕ್ಕೆ ಹುಟ್ಟಿದ ಸೂರ್ಯ

ಬಸ್ಸಿಗೆ ಒಂದು ಕಿಟಕಿ ಕೂರಿಸಬೇಕೆಂದರೆ ಗಾಜಿಗೆ ಸಾವಿರದ ಎಂಟುನೂರು, ಅಲ್ಯೂಮಿನಿಯಂ ಚೌಕಟ್ಟಿಗೆ ಸಾವಿರದ ನಾನೂರು, ರಬ್ಬರ್ ಪಟ್ಟಿ, ಸ್ಕ್ರೂ, ಚಿಲಕ ಎಂದು ಮುನ್ನೂರು, ಕೂಲಿ ಐನೂರು. ಎಲ್ಲ ಸೇರಿ ನಾಲ್ಕು ಸಾವಿರ. ಮೊದಲ ಮಳೆಗೆ ಅದು ಸೋರಿದಾಗ ಬಸ್ಸಿನ ಮಾಲೀಕ ಬಂದು ಬೈಯುವ ಬೈಗುಳಕ್ಕೆ ಬೇರೆ ದರ. ಅದನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ.

ಜಮಖಂಡಿಯ ಮುಧೋಳ ರಸ್ತೆಯಲ್ಲಿರುವ ಬೀರೇಶ್ವರ ಬಾಡಿ ವರ್ಕ್ಸಿನ ಸುಂದರವ್ವನಿಗೆ ಈ ಲೆಕ್ಕ ನಾಲಿಗೆಯ ತುದಿಯಲ್ಲಿತ್ತು. ಅವಳ ಅಪ್ಪ ಈರಪ್ಪ ಕುರಿ ಮಾರಿ ವೆಲ್ಡಿಂಗ್ ಮಷಿನ್ ಕೊಂಡವನು. ಲಾರಿಗೆ ಹಲಗೆ ಬಡಿಯುವುದರಿಂದ ಶುರು ಮಾಡಿ ಬಸ್ಸಿನ ಮೈ ಕಟ್ಟುವವರೆಗೆ ಬಂದಿದ್ದ. ಒಬ್ಬಳೇ ಮಗಳು, ಅಪ್ಪನ ನಂತರ ಶೆಡ್ಡನ್ನು ಅವಳೇ ಹಿಡಿದಳು. ಮೂವತ್ತು ವರ್ಷದಲ್ಲಿ ಎಷ್ಟು ಬಸ್ಸು ಕಟ್ಟಿ ರಸ್ತೆಗೆ ಬಿಟ್ಟಳೋ ಅವಳಿಗೇ ನೆನಪಿಲ್ಲ. ಆದರೆ ಈಚೆಗೆ ಬಸ್ಸುಗಳು ದೊಡ್ಡ ಫ್ಯಾಕ್ಟರಿಯಿಂದಲೇ ಮೈ ಕಟ್ಟಿಸಿಕೊಂಡು ಬರತೊಡಗಿದ್ದವು. ಶೆಡ್ಡಿಗೆ ಬರುತ್ತಿದ್ದುದು ನೆಗ್ಗಿದ ಬಾಗಿಲು, ಒಡೆದ ಗಾಜು, ಹರಿದ ಸೀಟು. ಹನ್ನೊಂದು ಕೆಲಸಗಾರರು ಇದ್ದರು. ನಾಲ್ಕು ಜನರ ಕೆಲಸವಿತ್ತು.

ಇಂಥ ಹೊತ್ತಿನಲ್ಲಿ ಬೆಳಗಾವಿಯ ಒಂದು ವಿಮಾನದ ಸಾಮಾನಿನ ಕಂಪನಿಯಿಂದ ಅಜಯ ಎಂಬ ಎಂಜಿನಿಯರ್ ಬಂದ. ಅವನನ್ನು ಕರೆಸಿದವಳು ಸುಂದರವ್ವನ ಮಗಳು ವೈಶಾಲಿ. ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಓದಿ ಬಂದು ಅವ್ವನ ಶೆಡ್ಡಿನಲ್ಲೇ ಕೂತವಳು, ಕಂಪನಿಯ ಜಾಹೀರಾತು ನೋಡಿ ಅರ್ಜಿ ಹಾಕಿದ್ದಳು.

"ಅಕ್ಕಾರ, ಇಮಾನದ ಒಂದು ಕಿಡಕಿ ರೊಕ್ಕದಾಗ ನಿಮ್ಮ ಇಡೀ ಬಸ್ಸಿನ ಕಿಡಕಿ ಬರತಾವ್ ನೋಡ್ರಿ," ಎಂದ ಅಜಯ, ಚಹಾ ಕುಡಿಯುತ್ತ. "ಮ್ಯಾಲ ಆ ತೂತಿನ ಸುತ್ತ ಬಲಾ ಕೊಡಾಕ ಪಟ್ಟಿ ಹೊಡೀಬೇಕು. ಪಟ್ಟಿ ಅಂದ್ರ ತೂಕ. ತೂಕ ಅಂದ್ರ ಎಣ್ಣಿ. ಇಮಾನ ಹಾರೂತನಕ ಆ ತೂಕಾ ಹೊತಗೊಂಡ ಹಾರಬೇಕು."

"ಹಂಗಾದ್ರ ಕಿಡಕಿನ ತಗದಬಿಡ್ರೆಲಾ."

"ಅದನ್ನ ಮಾಡಾಕನ ಬಂದೇನ್ರಿ."

ವಿಷಯ ಇಷ್ಟು. ಮುಂದಿನ ಕಾಲದ ವಿಮಾನಕ್ಕೆ ಕಿಟಕಿ ಇಲ್ಲದ ಮೈ ಮಾಡಬೇಕೆಂದು ಎಷ್ಟೋ ಕಡೆ ವಿಚಾರ ನಡೆದಿದೆ. ಹೊರಗೆ ಕ್ಯಾಮೆರಾ ಇಟ್ಟು ಒಳಗಿನ ಗೋಡೆಯ ಮೇಲೆ ಪರದೆಯಲ್ಲಿ ಮೋಡ ತೋರಿಸಿದರಾಯಿತು. ವಿಮಾನ ಹಗುರಾಗುತ್ತದೆ, ಗಟ್ಟಿಯೂ ಆಗುತ್ತದೆ. ಉಳಿದ ಪ್ರಶ್ನೆ ಒಂದೇ: ಜನ ಅದರಲ್ಲಿ ನೆಮ್ಮದಿಯಾಗಿ ಕೂರುತ್ತಾರೋ ಇಲ್ಲವೋ. ಅದನ್ನು ನೋಡಲು ಕಂಪನಿಗೆ ಒಂದು ಮಾದರಿ ಕೋಣೆ ಬೇಕಿತ್ತು. ಇಪ್ಪತ್ತು ಸೀಟು, ಕಿಟಕಿ ಸೊನ್ನೆ.

"ಇಮಾನ ಹತ್ತಿದವರು ಕಿಡಕಿ ಎಲ್ಲೈತಿ ಅಂತ ಕೇಳೇ ಕೇಳತಾರ್ರಿ," ಎಂದ ಅಜಯ. "ಒಮ್ಮೀನೂ ಹತ್ತದವರು ಏನ ಕೇಳತಾರ ನೋಡಬೇಕು. ಎರಡ ತಾಸ ಬಾಗಲಾ ಮುಚ್ಚಿ ಕುಂದರಸೂಣು. ಒಳಗ ಒಂದು ಕೆಂಪು ಗುಂಡಿ ಇರತೈತಿ. ಯಾರರೆ ಒತ್ತಿದ್ರ ಪರೀಕ್ಷಾ ಮುಗೀತು. ಯಾರೂ ಒತ್ತಲಿಲ್ಲ ಅಂದ್ರ ಪೂರಾ ಅಳತಿದು ಮೂರು ಕೋಣಿ ನೀವ ಕಟ್ಟರಿ. ಎರಡು ವರ್ಷದ ಕೆಲಸಾ. ಇಲ್ಲಂದ್ರ ಪುಣೆದವರು ಕಾಯಾಕತ್ತಾರ."

ಸುಂದರವ್ವ ಶೆಡ್ಡಿನ ಹಿಂದೆ ಹರಟೆ ಹೊಡೆಯುತ್ತ ಕೂತಿದ್ದ ತನ್ನ ಹನ್ನೊಂದು ಜನರ ಕಡೆ ನೋಡಿದಳು. "ಕಟ್ಟತೇವಿ," ಎಂದಳು.

ಕಟ್ಟಿದರು. ಹಳೆಯ ಲಾರಿಯ ಚಾಸಿಯ ಮೇಲೆ ಉದ್ದನೆಯ ಕೊಳವೆಯಂಥ ಕೋಣೆ ಎದ್ದಿತು. ಎಡಬಲದ ಗೋಡೆಗೆ ವೈಶಾಲಿ ಪರದೆಗಳನ್ನು ಕೂರಿಸಿದಳು. ಸೀಟಿಗೂ ಗೋಡೆಗೂ ಬಟ್ಟೆ ಕೊಡಲು ಬನಹಟ್ಟಿಯಿಂದ ಬಸಗೊಂಡಪ್ಪ ಬಂದ. ಬಸಗೊಂಡಪ್ಪನದು ನೇಕಾರರ ಮನೆತನ. ಎಂಟು ಪವರ್‌ಲೂಮು, ಒಂದು ಬಟ್ಟೆ ಅಂಗಡಿ, ಯಾರನ್ನೂ ಬಿಡದ ಬಾಯಿ.

"ಏನ್ ತಂಗಿ, ನಿಮ್ಮಪ್ಪ ಕುರಿ ಮಾರಿ ಲಾರಿಗಿ ಬಂದ. ನೀ ಲಾರಿ ಬಿಟ್ಟ ಇಮಾನಕ್ಕ ಬಂದಿ. ನಿನ್ನ ಮಗಳು ಚಂದ್ರಗ ಹೋಗಾಕಿ ಏನು?"

"ಹೋದ್ರ ಅಲ್ಲಿ ಸೀಟಿಗೂ ನಿಮ್ಮ ಬಟ್ಟೀನ ಹಾಕಸತೇವಿ ಸಾವಕಾರ್ರ. ಈಗ ಮೀಟರಿಗೆ ಹತ್ತು ರೂಪಾಯಿ ಇಳಸ್ರಿ."

ಮೊದಲ ಪರೀಕ್ಷೆಗೆ ಸುಂದರವ್ವ ತನ್ನೂರು ಹುನ್ನೂರಿನಿಂದ ಜನ ಕರೆತಂದಳು. ಎಲ್ಲರ ಮುಂದೆ ಅವಳ ಅತ್ತೆ ಯಲ್ಲಕ್ಕ, ಇಳಕಲ್ ಸೀರೆಯುಟ್ಟು, ಮದುವೆಗೆ ಹೊರಟವಳ ಹಾಗೆ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಗಳು ಇಬ್ಬರು, ಬೀಳಗಿಯಿಂದ ವೈಶಾಲಿಯ ಗೆಳತಿ ಸರಿತಾ. ಈ ಸರಿತಾ ಬಸ್ಸು ಹತ್ತಿದರೆ ಮುಂದಿನ ಊರು ಬರುವಷ್ಟರಲ್ಲಿ ವಾಂತಿ ಮಾಡುವವಳು, ಅದಕ್ಕೇ ಕರೆದಿದ್ದರು. ಬಸಗೊಂಡಪ್ಪ ಕರೆಯದೆಯೇ ಬಂದು ಕೂತ.

ಬರದವನು ಒಬ್ಬ: ಸುಂದರವ್ವನ ಗಂಡ ಧರೆಪ್ಪ. ಅವನು ಕುರಿಗಾರ. ವರ್ಷದಲ್ಲಿ ಆರು ತಿಂಗಳು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು ಕಂಬಳಿ ಹೊದ್ದು ಬಯಲಲ್ಲಿ ಮಲಗುವವನು. ಮುಚ್ಚಿದ ಗಾಡಿ ಎಂದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಮದುವೆಯಾದ ಹೊಸದರಲ್ಲಿ ಬೀಗರ ವ್ಯಾನಿನಲ್ಲಿ ಕೂರಿಸಿದ್ದಕ್ಕೆ ಮುಧೋಳದಲ್ಲಿ ಇಳಿದು, ರಾತ್ರಿಯಿಡೀ ನಡೆದು ಊರು ಸೇರಿದ್ದ. ಅಂದಿನಿಂದ ಸುಂದರವ್ವ ಪುಣೆಗೆ ಹೋಗಲಿ, ಕೊಯಮತ್ತೂರಿಗೆ ಹೋಗಲಿ, ಒಬ್ಬಳೇ. "ನಾ ಬಂದ್ರ ನಿನಗ ತ್ರಾಸ," ಎನ್ನುತ್ತಿದ್ದ ಧರೆಪ್ಪ. ಇಪ್ಪತ್ತೆಂಟು ವರ್ಷದಲ್ಲಿ ಗಂಡ ಹೆಂಡತಿ ಅಕ್ಕಪಕ್ಕ ಕೂತು ಒಂದು ಊರು ನೋಡಿದ್ದಿಲ್ಲ.

ಬಾಗಿಲು ಮುಚ್ಚಿತು. ಫ್ಯಾನು ಗುಂಯ್ ಎಂದಿತು. ಪರದೆಯ ಮೇಲೆ ಮೋಡ ತೇಲತೊಡಗಿತು. ಮೊದಲ ಅರ್ಧ ತಾಸು ಎಲ್ಲ ಸುಸೂತ್ರ. ಬಸಗೊಂಡಪ್ಪ ಐದು ನಿಮಿಷಕ್ಕೆ ನಿದ್ದೆ ಹೋದ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲಿ ಮಲಗಿದವನಿಗೆ ಆ ಗುಂಯ್ ಸದ್ದು ಜೋಗುಳವಾಯಿತು. ಸರಿತಾ ಮಾತ್ರ, "ಮೋಡ ಓಡಾಕತ್ತಾವು, ನಾ ಇಲ್ಲೇ ಅದೀನಿ, ಹೊಟ್ಟಿ ತೊಳಸಾಕತ್ತೇತಿ," ಎನ್ನುತ್ತಿದ್ದಳು.

ಆಮೇಲೆ ಪರದೆಯ ಮೇಲೆ ಬೆಳಗಾಯಿತು. ಕಂಪನಿಯವರು ಕಳಿಸಿದ ಚಿತ್ರ ಅದು. ಎಡಗಡೆಯ ಗೋಡೆಯಲ್ಲಿ ಮೋಡದ ಅಂಚು ಕೆಂಪಾಗಿ, ಸೂರ್ಯ ನಿಧಾನವಾಗಿ ಮೇಲೆದ್ದ. ನೋಡಲು ಬಹಳ ಚೆಂದವಿತ್ತು. ಅಜಯ ಹೊರಗೆ ತನ್ನ ಲ್ಯಾಪ್‌ಟಾಪಿನಲ್ಲಿ ಜನರ ಮುಖ ನೋಡುತ್ತ, ಈಗ ಎಲ್ಲರೂ ಬಾಯಿ ತೆರೆದು ನೋಡುತ್ತಾರೆ ಎಂದು ಕಾದ.

ಬಾಯಿ ತೆರೆದರು ನಿಜ. ಯಲ್ಲಕ್ಕ ಎದ್ದು ನಿಂತಳು.

"ಯವ್ವಾ! ಪಡುವಲಕ್ಕ ಹೊತ್ತ ಹುಟ್ಟೇತಿ!"

ಕೋಣೆ ಶೆಡ್ಡಿನಂಗಳದಲ್ಲಿ ಗೇಟಿನ ಕಡೆ, ಅಂದರೆ ಉತ್ತರಕ್ಕೆ, ಮುಖ ಮಾಡಿ ನಿಂತಿತ್ತು. ಎಡಗಡೆ ಎಂದರೆ ಪಡುವಲ. ಈ ಸೀಮೆಯಲ್ಲಿ ಯಾರೂ ಎಡಕ್ಕೆ ಸರಿ, ಬಲಕ್ಕೆ ಸರಿ ಎನ್ನುವುದಿಲ್ಲ. ಮೂಡಲಕ್ಕೆ ಸರಿ, ಪಡುವಲಕ್ಕೆ ಸರಿ ಎನ್ನುತ್ತಾರೆ. ಊಟದ ತಾಟು ಇಡುವಾಗಲೂ, ಹಾಸಿಗೆ ಹಾಸುವಾಗಲೂ ದಿಕ್ಕು ನೋಡುವ ಜನ. ಕೋಣೆಯೊಳಗೆ ಕಾಲಿಡುವಾಗಲೇ ಮೂಡಲ ಯಾವುದು ಎಂದು ಅವರ ಮೈಗೆ ಗೊತ್ತಿತ್ತು. ಈಗ ಕಣ್ಣೆದುರು ಸೂರ್ಯ ತಪ್ಪು ಕಡೆಯಿಂದ ಬಂದಿದ್ದ.

"ಎಲ್ಲೆಲ್ಲಿ?" ಎಂದರು ಹಿಂದಿನ ಸಾಲಿನವರು.

"ಅಲ್ಲಿ ನೋಡ್ರೇ! ಕಲಿಗಾಲ ಮುಗೀತು, ಬಾಗಲಾ ತಗಸ್ರಿ!"

ಯಲ್ಲಕ್ಕನ ಅಂಗೈ ಕೆಂಪು ಗುಂಡಿಯ ಮೇಲೆ ಬಿತ್ತು. ಬಾಗಿಲು ತೆರೆಯಿತು. ಹೊರಗೆ ಬಂದ ಹೆಂಗಸರು ನಿಜವಾದ ಸೂರ್ಯ ತನ್ನ ಜಾಗದಲ್ಲೇ ಇರುವುದನ್ನು ನೋಡಿ ಕೈ ಮುಗಿದರು. ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸರಿತಾ ಮೂಲೆಯಲ್ಲಿ ವಾಂತಿ ಮಾಡಿದಳು. ಒಳಗೆ ಬಸಗೊಂಡಪ್ಪನ ಗೊರಕೆ ಇನ್ನೂ ಕೇಳುತ್ತಿತ್ತು.

ವೈಶಾಲಿ ನಗಲಿಲ್ಲ. ಅವಳ ಮುಖ ಸುಣ್ಣದಂತಾಗಿತ್ತು.

ಅಜಯ ಒಳ್ಳೆಯ ಮನುಷ್ಯ. ಅವನೂ ನಕ್ಕನಾದರೂ ಬೇಗ ಸುಮ್ಮನಾದ. "ಬೆಳಗಾವಿ ಆಫೀಸಿನ ಪರದೆ ಮ್ಯಾಲ ಈ ಚಿತ್ರಾ ನೂರಾರು ಮಂದಿಗೆ ತೋರಿಸೇವ್ರಿ. ಯಾರೂ ಇದನ್ನ ಹೇಳಿದ್ದಿಲ್ಲ. ಆದರ ಅವರೊಳಗೂ ಎಷ್ಟೋ ಮಂದಿ ಏನೋ ಸರಿಯಿಲ್ಲ, ಏನಂತ ಗೊತ್ತಾಗವಲ್ದು ಅಂತ ಬರದಿದ್ರು. ಅದು ಇದ ಇರಬೇಕೇನೋ. ಇನ್ನೊಂದು ಸಲ ನೋಡೂಣ್ರಿ. ಆದರ ಈ ಸಲ ನಮ್ಮ ದೊಡ್ಡ ಸಾಹೇಬ್ರು ಬರತಾರ. ಮತ್ತ ಮುಚ್ಚಿದ ಗಾಡಿಗೆ ಖರೇನ ಅಂಜೋರು ಒಬ್ಬರರೆ ಒಳಗ ಇರಬೇಕು, ಅದು ಅವರ ಕರಾರು."

"ಅಂಜೋರಾ?" ಎಂದ ಬಸಗೊಂಡಪ್ಪ, ಕಣ್ಣುಜ್ಜುತ್ತ ಹೊರಬಂದವನು. "ಅದಕ್ಕ ಜಮಖಂಡಿ ತಾಲೂಕಿನಾಗ ಒಬ್ಬನ ಅದಾನ. ಧರೆಪ್ಪ. ತಂಗಿ, ನಿನ್ನ ಗಂಡ ಈ ಡಬ್ಬಿಯೊಳಗ ಎರಡು ತಾಸು ಕುಂತ್ರ, ನನ್ನ ಬಟ್ಟಿ ರೊಕ್ಕಾ ಒಂದ ಪೈಸಾ ಬ್ಯಾಡ. ಎಲ್ಲಾರೂ ಕೇಳ್ರಿ!"

"ಮಾತು ತಪ್ಪಿದ್ರ?" ಎಂದಳು ಸುಂದರವ್ವ.

"ತಪ್ಪಿದ್ರ ನನ್ನ ಮೀಸಿ ಬೋಳಸತೇನಿ. ಆದರ ಅಂವ ಕುಂದರಂಗಿಲ್ಲ ಬಿಡು."

ಮರುದಿನ ಸುಂದರವ್ವನಿಗೆ ಒಂದು ಉಪಾಯ ಹೊಳೆಯಿತು. ಬಸ್ಸಿನ ಜನಕ್ಕೆ ಪರದೆ ಬಟ್ಟೆ ಕಂಡರೆ ನೆಮ್ಮದಿ. ಕಿಟಕಿ ಇರಲಿ ಬಿಡಲಿ, ಬಟ್ಟೆ ಇದ್ದರೆ ಸಾಕು. ವೈಶಾಲಿ ಬೇಡವೆಂದರೂ ಕೇಳದೆ ನಲವತ್ತು ಮೀಟರ್ ಹೂವಿನ ಬಟ್ಟೆ ತರಿಸಿ, ಪ್ರತಿ ಸೀಟಿನ ಪಕ್ಕದ ಗೋಡೆಗೆ ಪರದೆ ಹೊಲಿಸಿದಳು. ಕೆಲಸಗಾರರನ್ನೇ ಕೂರಿಸಿ ನೋಡಿದಳು. ಕೂತವನು ಮೊದಲು ಮಾಡುವ ಕೆಲಸ ಎಂದರೆ ಪರದೆ ಸರಿಸುವುದು. ಮೋಡದ ಚಿತ್ರ ಆರಿಸಿತ್ತು, ಸರಿಸಿದರೆ ಬರೀ ಗೋಡೆ. ಮತ್ತೆ ಮುಚ್ಚುವುದು, ಮತ್ತೆ ಸರಿಸುವುದು. ಕಾಲು ತಾಸಿಗೆ ಪೇಂಟರ್ ಒಬ್ಬ ಎದ್ದು ಬಂದ. "ಅಕ್ಕಾರ, ನನ್ನ ಯಾರೋ ಮೋಸಾ ಮಾಡಿದಂಗ ಆಗಾಕತ್ತೇತಿ."

"ನಾ ಹೇಳಿದ್ನಿಲ್ಲ ಬೇ?" ಎಂದಳು ವೈಶಾಲಿ.

"ಹೇಳಿದ್ದಿ. ನಂದ ತಪ್ಪಾತು. ಬಿಚ್ಚ ಇದನ್ನ."

ಬಿಚ್ಚಿದ ಬಟ್ಟೆಯ ಗಂಟನ್ನು ಸ್ಕೂಟರಿನ ಮುಂದಿಟ್ಟುಕೊಂಡು ಸುಂದರವ್ವ ಮಧ್ಯಾಹ್ನದ ಊಟಕ್ಕೆ ಹುನ್ನೂರಿಗೆ ಬಂದಳು. ಹಳೆಯ ಮಣ್ಣಿನ ಮಾಳಿಗೆಯ ಮನೆ. ನಡುಮನೆಗೆ ಕಿಟಕಿ ಇಲ್ಲ. ಮೇಲೆ ಮಾಳಿಗೆಯಲ್ಲಿ ಒಂದು ಮೊಳದ ತೂತು, ಅದೇ ಬೆಳಕಿಂಡಿ. ಅಲ್ಲಿಂದ ಬಿಸಿಲು ಚೌಕವಾಗಿ ನೆಲಕ್ಕೆ ಬೀಳುತ್ತದೆ. ಯಲ್ಲಕ್ಕ ಆ ಬಿಸಿಲಿನ ಚೌಕದಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಧರೆಪ್ಪ ಕಂಬಳಿ ಹಾಸಿ ಮಲಗಿದ್ದ. ಗೊರಕೆ ಹೊರಬಾಗಿಲಿಗೆ ಕೇಳುತ್ತಿತ್ತು.

ಸುಂದರವ್ವ ಹೊಸ್ತಿಲಲ್ಲೇ ನಿಂತಳು. ಇಪ್ಪತ್ತೆಂಟು ವರ್ಷ ನೋಡಿದ ನೋಟ ಇದು. ಇಂದು ಮಾತ್ರ ತಲೆಯಲ್ಲಿ ಏನೋ ತಟ್ಟಿತು. ವ್ಯಾನಿನಲ್ಲಿ ನಾಲ್ಕು ಕಡೆ ಗಾಜಿದ್ದರೂ ಉಸಿರು ಕಟ್ಟುವ ಈ ಗಂಡಸು, ಒಂದೂ ಕಿಟಕಿಯಿಲ್ಲದ ಈ ಕೋಣೆಯಲ್ಲಿ ಹೇಗೆ ಹೀಗೆ ಮಲಗಿದ್ದಾನೆ?

ಅವಳು ಯೋಚಿಸುತ್ತ ಕೂರುವ ಪೈಕಿ ಅಲ್ಲ. ಏಣಿ ಹತ್ತಿ ಮಾಳಿಗೆಗೆ ಹೋಗಿ, ಬೆಳಕಿಂಡಿಯ ಮೇಲೆ ತಗಡು ಮುಚ್ಚಿದಳು. ಕೆಳಗಿಳಿದು ಬರುವಷ್ಟರಲ್ಲಿ ಗೊರಕೆ ನಿಂತಿತ್ತು.

"ಯಾರಲೇ ಅದು? ಮಳಿ ಬಂತೇನು?" ಧರೆಪ್ಪ ಎದ್ದು ಕೂತಿದ್ದ.

"ಮಳಿ ಇಲ್ಲ, ಮಲಗ್ರಿ," ಎಂದು ಸುಂದರವ್ವ ಟ್ಯೂಬ್‌ಲೈಟ್ ಹಾಕಿದಳು. ಕೋಣೆ ಮೊದಲಿಗಿಂತ ಹೆಚ್ಚು ಬೆಳಗಿತು. ಧರೆಪ್ಪ ಮಗ್ಗಲು ಬದಲಿಸಿದ. ಎದ್ದ. ಮತ್ತೆ ಮಲಗಿದ. ಕೊನೆಗೆ ಕಂಬಳಿ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ನಡೆದ.

"ಯಾಕ್ರೀ, ಬೆಳಕು ಐತೆಲಾ?"

"ಬೆಳಕ ತಗೊಂಡ ಏನ ಮಾಡ್ಲಿ? ಹೊತ್ತ ಎಲ್ಲಿಗಿ ಬಂತು ಅನ್ನೂದ ತಿಳೀವಲ್ದು."

ಜೋಳದ ಮೊರ ಹಿಡಿದುಕೊಂಡು ಯಲ್ಲಕ್ಕನೂ ಹಿಂದೆಯೇ ಬಂದಳು. "ಮಾಳಿಗಿ ಮ್ಯಾಗ ಯಾರ ತಗಡ ಇಟ್ರ? ನಿನಗ ಶಾಣ್ಯಾಕಿ ಅಂತಿದ್ನಿ, ಸುಂದರವ್ವ."

ಸುಂದರವ್ವ ಊಟ ಮಾಡಲಿಲ್ಲ. ಅದೇ ಸ್ಕೂಟರಿನಲ್ಲಿ ಶೆಡ್ಡಿಗೆ ಹೊರಳಿದಳು.

"ವೈಶೂ, ಮೋಡದ ಚಿತ್ರಾ ಎಲ್ಲಾ ತಗಿ. ಗ್ವಾಡಿ ಬರೇ ಬಟ್ಟಿ ಇರ್ಲಿ. ಮ್ಯಾಲ ಬೆಳಕಿಂಡಿ ಬೇಕು. ಖರೇ ತೂತ ಅಲ್ಲ, ಬಿಸಿಲು ಬಿದ್ದಂಗ ಕಾಣಬೇಕು. ಇಮಾನ ಎತ್ತಾಗ ಹೊಳ್ಳಿದ್ರೂ, ಹೊರಗ ಹೊತ್ತ ಯಾ ಕಡೆ ಇರತೈತೋ ಒಳಗ ಬಿಸಿಲು ಅದ ಕಡಿಂದ ಬೀಳಬೇಕು. ಮಾಡಾಕ ಆಕ್ಕೈತಿ?"

 ವೈಶಾಲಿ ಪೆನ್ಸಿಲ್ ತೆಗೆದುಕೊಂಡು ಹಲಗೆಯ ಮೇಲೆ ಗೀಚತೊಡಗಿದಳು. "ದಿಕ್ಸೂಚಿ ಒಂದು ಬೇಕು. ಗಡಿಯಾರ ಒಂದು. ಛಾವಣಿಗೆ ಸಾಲಾಗಿ ದೀಪಾ. ಈ ದಿವಸ ಈ ಹೊತ್ತಿಗೆ ಸೂರ್ಯ ಎಲ್ಲಿರತಾನ ಅಂತ ಕಂಪ್ಯೂಟರಿಗೆ ಗೊತ್ತಿರತೈತಿ. ಗಾಡಿ ಹೊಳ್ಳಿದಂಗ ದೀಪಾ ಒಂದರಿಂದ ಒಂದಕ್ಕ ಸರೀಬೇಕು, ಒಮ್ಮೆಲೆ ಜಿಗೀಬಾರದು." ತಲೆ ಎತ್ತಿದಳು. "ಆಕ್ಕೈತಿ ಬೇ. ಆದರ ನಿಂತ ಗಾಡಿಯೊಳಗ ತೋರಿಸಿದ್ರ ಏನೂ ಗೊತ್ತಾಗಂಗಿಲ್ಲ. ಓಡಸಬೇಕು."

"ಓಡಸೂಣು. ಚಾಸಿ ಯಾಕ ಹಾಕೇವಿ ಮತ್ತ?"

ಕಂಪನಿಯವರೇ ಪರವಾನಗಿ ತಂದರು. ಹಿಂದೆ ಒಂದು ತುರ್ತು ಬಾಗಿಲು, ಮುಂದೆ ಡ್ರೈವರಿನ ಜೊತೆ ಮಾತಾಡಲು ಫೋನು. ದಾರಿ: ಜಮಖಂಡಿಯಿಂದ ಮುಧೋಳ, ಅಲ್ಲಿಂದ ಬೀಳಗಿ, ಮತ್ತೆ ಜಮಖಂಡಿ.

ಉಳಿದದ್ದು ಧರೆಪ್ಪ. ಸುಂದರವ್ವ ಅವನ ಹತ್ತಿರ ಸುತ್ತಿ ಬಳಸಿ ಮಾತಾಡಲಿಲ್ಲ. ಕುರಿಗಳ ನಡುವೆ ನಿಂತಿದ್ದವನ ಮುಂದೆ ಹೋಗಿ ನಿಂತಳು.

"ನಿಮ್ಮ ನಡುಮನಿಗಿ ಗಾಲಿ ಹಚ್ಚೇನಿ. ಬಂದ ಕುಂದರ್ರಿ. ಉಸಿರು ಕಟ್ಟಿದ್ರ ಗುಂಡಿ ಐತಿ, ಒತ್ತರಿ. ನಾ ಒಂದ ಮಾತೂ ಆಡಂಗಿಲ್ಲ."

"ಒತ್ತಿದ್ರ ನಿಂದ ಕೆಲಸಾ ಕೆಡತೈತಂತಲ್ಲ?"

"ಕೆಡತೈತಿ."

ಧರೆಪ್ಪ ಒಂದು ಮರಿಯ ಕಿವಿಯಲ್ಲಿದ್ದ ಉಣ್ಣೆಹುಳ ಕಿತ್ತು ಎಸೆದ. "ಮಾತು ತಪ್ಪಿದ್ರ ಬಸಗೊಂಡ ಮೀಸಿ ಬೋಳಸತೇನಿ ಅಂದಾನಂತ?"

"ಅಂದಾನ."

"ಅದನ್ನರೆ ನೋಡಬೇಕು," ಎಂದ.

ಆ ದಿನ ಬೆಳಿಗ್ಗೆ ಕಂಪನಿಯ ದೊಡ್ಡ ಸಾಹೇಬರು ಬಂದು ಕೊನೆಯ ಸಾಲಿನಲ್ಲಿ ಕೂತರು. ಅಜಯ ಅವರ ಪಕ್ಕದಲ್ಲಿ. ಮೊದಲ ಸಲ ಬಂದವರೇ ಎಲ್ಲರೂ ಬಂದಿದ್ದರು. ವೈಶಾಲಿ ಮುಂದೆ ಡ್ರೈವರಿನ ಪಕ್ಕ ಕಂಪ್ಯೂಟರ್ ಹಿಡಿದು ಕೂತಳು. ಧರೆಪ್ಪ ಹೆಗಲ ಮೇಲೆ ಕಂಬಳಿಯೊಂದಿಗೆ ಬಂದ. ಮೆಟ್ಟಿಲ ಮೇಲೆ ನಿಂತು ಒಮ್ಮೆ ಸೂರ್ಯನ ಕಡೆ ನೋಡಿದ, ಊರಿಗೆ ಹೋಗುವವನು ಮನೆಯವರಿಗೆ ಹೇಳಿಹೋಗುವ ಹಾಗೆ. ಒಳಗೆ ಕಾಲಿಟ್ಟು ಸುಂದರವ್ವನ ಪಕ್ಕದ ಸೀಟಿನಲ್ಲಿ ಕೂತ. ಹಿಂದಿನ ಸೀಟಿನಲ್ಲಿ ಬಸಗೊಂಡಪ್ಪ. ಕೆಂಪು ಗುಂಡಿ ಇಬ್ಬರ ಕೈಗೂ ಎಟುಕುವಂತೆ ಪಕ್ಕದ ಗೋಡೆಯಲ್ಲಿತ್ತು.

ಬಾಗಿಲು ಮುಚ್ಚಿತು. ಧರೆಪ್ಪನ ಕೈ ಸೀಟಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿಯಿತು. ಗೆಣ್ಣು ಬಿಳಿಚಿದ್ದನ್ನು ಸುಂದರವ್ವ ನೋಡಿಯೂ ನೋಡದ ಹಾಗೆ ಕೂತಳು.

ಗಾಡಿ ಹೊರಟಿತು. ಛಾವಣಿಯ ಸೀಳಿನಿಂದ ಎಳೆಬಿಸಿಲಿನ ಬಣ್ಣದ ಬೆಳಕು ಓರೆಯಾಗಿ ಇಳಿದು, ಬಲಗಡೆಯ ಬಟ್ಟೆಯ ಗೋಡೆಯ ಮೇಲೆ ಚೌಕವಾಗಿ ಬಿತ್ತು. ಬಸಗೊಂಡಪ್ಪನ ಬಿಳಿ ನೂಲಿನ ಬಟ್ಟೆ ಅದಕ್ಕೆಂದೇ ನೇಯ್ದ ಹಾಗೆ ಬೆಚ್ಚಗೆ ಹೊಳೆಯಿತು. ಯಲ್ಲಕ್ಕ ಅದನ್ನೇ ನೋಡುತ್ತಿದ್ದಳು.

"ಹೊತ್ತ ಈ ಕಡೆ ಐತಿ," ಎಂದಳು, ಎಡಗೈ ಎತ್ತಿ. "ಅಂದ್ರ ತೆಂಕಲಕ್ಕ ಹೊಂಟೇವಿ. ಮುಧೋಳ ದಾರಿ."

"ಹೌದ ಹೌದು," ಎಂದರು ಹೆಂಗಸರು. ಒಬ್ಬಳು ಎಲೆ ಅಡಿಕೆಯ ಚೀಲ ಬಿಚ್ಚಿದಳು. ಬಸಗೊಂಡಪ್ಪ ಐದು ನಿಮಿಷದಲ್ಲಿ ಗೊರಕೆ ಶುರು ಮಾಡಿದ.

 ಧರೆಪ್ಪನ ಕಣ್ಣು ಆ ಬಿಸಿಲ ಚೌಕವನ್ನು ಬಿಡಲಿಲ್ಲ. ಊರು ದಾಟಿ, ಮತ್ತೊಂದು ಊರು ದಾಟಿ, ಬಹಳ ಹೊತ್ತಿನ ಮೇಲೆ ಗಾಡಿ ನಿಧಾನವಾಯಿತು, ಹೊರಳಿತು. ಗೋಡೆಯ ಮೇಲಿದ್ದ ಚೌಕ ಮೆಲ್ಲಗೆ ಜಾರಿ, ನೆಲಕ್ಕಿಳಿದು, ನಡುವಿನ ಹಾದಿಯಲ್ಲಿ ಹಿಂದಕ್ಕೆ ಚಾಚಿಕೊಂಡಿತು.

"ಮುಧೋಳ ದಾಟಿತು," ಎಂದ ಧರೆಪ್ಪ. ಅದು ಅವನ ಮೊದಲ ಮಾತು. "ಹೊತ್ತ ಎದರಿಗಿ ಬಂತು. ಮೂಡಲಕ್ಕ ಹೊಳ್ಳೇತಿ, ಬೀಳಗಿ ಕಡೆ."

ಹಿಂದೆ ಕೂತ ದೊಡ್ಡ ಸಾಹೇಬರು ತಮ್ಮ ಫೋನಿನಲ್ಲಿ ನಕಾಶೆ ತೆಗೆದು ನೋಡಿದರು. ಅಜಯನಿಗೂ ತೋರಿಸಿದರು. ಅಜಯ ಮುಖ ತಗ್ಗಿಸಿ ನಕ್ಕ.

ಸರಿತಾ ತನ್ನ ಪ್ಲಾಸ್ಟಿಕ್ ಚೀಲವನ್ನು ಮಡಚಿ ಪರ್ಸಿನಲ್ಲಿಟ್ಟಳು. "ನಮ್ಮೂರು ಬಂತು, ನನಗ ಏನೂ ಆಗಿಲ್ಲ," ಎಂದಳು, ಯಾರಾದರೂ ಅದನ್ನು ಬರೆದಿಟ್ಟುಕೊಳ್ಳಲಿ ಎಂಬಂತೆ.

ಬೀಳಗಿ ದಾಟಿದ ಮೇಲೆ ಒಂದು ಸಂಗತಿ ನಡೆಯಿತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ಮಗುಚಿ, ಗಾಡಿಗಳು ಸಾಲಾಗಿ ನಿಂತಿದ್ದವು. ಡ್ರೈವರ್ ರೂಢಿಯಂತೆ ಎಂಜಿನ್ ಆರಿಸಿದ. ಅದರ ಜೊತೆಗೆ ಫ್ಯಾನೂ ನಿಂತಿತು, ಬೇರೆ ಬ್ಯಾಟರಿಯ ದೀಪ ಮಾತ್ರ ಉಳಿಯಿತು. ಗುಂಯ್ ಸದ್ದು ಹೋಗಿ ಕೋಣೆಯೊಳಗೆ ಒಮ್ಮೆಲೇ ಮೌನ ತುಂಬಿತು.

ಮಗ್ಗದ ಮನೆಯವರಿಗೆ ಸದ್ದು ನಿಂತರೆ ಎಚ್ಚರ. ಬಸಗೊಂಡಪ್ಪ ಬೆಚ್ಚಿಬಿದ್ದು ಎದ್ದ. "ಕರೆಂಟ್ ಹೋತು! ಏನಾತು? ಎಲ್ಲಿದೀವಿ? ಗಾಳಿ ಇಲ್ಲ, ಬಾಗಲಾ... ಬಾಗಲಾ ಎಲ್ಲಿ?" ಅವನ ಬೆವರಿದ ಕೈ ಗೋಡೆಯನ್ನು ತಡವುತ್ತ ಕೆಂಪು ಗುಂಡಿಯತ್ತ ಹೋಯಿತು. ಹೆಂಗಸರ ಎಲೆ ಅಗಿಯುವ ಬಾಯಿ ನಿಂತಿತು. ಅವನ ಭಯ ಸೀಟಿನಿಂದ ಸೀಟಿಗೆ ದಾಟುವುದನ್ನು ಸುಂದರವ್ವ ಕಣ್ಣಾರೆ ಕಂಡಳು. ಬಾಯಿ ತೆರೆದಳು, ಒಂದು ಮಾತೂ ಆಡುವುದಿಲ್ಲ ಎಂದು ಗಂಡನಿಗೆ ಕೊಟ್ಟ ಮಾತು ನೆನಪಾಗಿ ತುಟಿ ಕಚ್ಚಿದಳು.

ಆ ಕೈಯನ್ನು ಹಿಡಿದವನು ಧರೆಪ್ಪ. ಬೆದರಿದ ಟಗರನ್ನು ಹಿಡಿಯುವ ಹಾಗೆ, ಬಿಗಿಯಾಗಿ ಆದರೆ ನೋಯದಂತೆ.

"ಸುಮ್ನ ಕುಂದರ್ರಿ ಸಾವಕಾರ್ರ. ಏನೂ ಆಗಿಲ್ಲ. ಅಲ್ಲಿ ನೋಡ್ರಿ." ಇನ್ನೊಂದು ಕೈಯಿಂದ ಮುಂದಿನ ಗೋಡೆ ತೋರಿಸಿದ. ಬಿಸಿಲಿನ ಚೌಕ ಅಲ್ಲಿತ್ತು, ಅಲುಗದೆ. "ಹೊತ್ತ ನಮ್ಮ ಹಿಂದೈತಿ. ಊರ ಕಡೆ ಮುಖಾ ಮಾಡಿ ನಿಂತೇವಿ. ದಾರಿಯೊಳಗ ಏನೋ ಅಡ್ಡ ಬಂದೈತಿ, ಸರದ ಹೊಕ್ಕೈತಿ. ಕುರಿ ಅಡ್ಡ ಬಂದ್ರ ನೀವು ನಿಂದರಂಗಿಲ್ಲೇನು?"

ಬಸಗೊಂಡಪ್ಪ ಆ ಚೌಕ ನೋಡಿದ. ಉಸಿರು ಬಿಟ್ಟ. "ನಿಮ್ಮ ಕುರಿ ಅಡ್ಡ ಬಂದ್ರ ಅರ್ಧಾ ತಾಸು ನಿಂದರಬೇಕಾಕ್ಕೈತಲೇ," ಎಂದ.  ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಅಷ್ಟರಲ್ಲಿ ವೈಶಾಲಿ ಮುಂದಿನಿಂದ ಬೈದಿರಬೇಕು, ಎಂಜಿನ್ ಮತ್ತೆ ಶುರುವಾಯಿತು, ಫ್ಯಾನು ತಿರುಗಿತು.

ಜಮಖಂಡಿ ಮುಟ್ಟುವವರೆಗೆ ಜನ ಆಟ ಕಟ್ಟಿದರು. ಗಾಡಿ ಸ್ವಲ್ಪ ಹೊರಳಿದರೆ ಸಾಕು, "ಈಗ ಹೊಳಿ ಕಡೆ", "ಅಲ್ಲ, ಈಗ ಕೆರಿ ಹತ್ರ" ಎಂದು ಕೂಗುವುದು. ಬೆಲ್ಲದ ವ್ಯಾಪಾರಿಗಳು ಎರಡು ಸಲ ತಪ್ಪಿದರು. ಧರೆಪ್ಪ ಒಮ್ಮೆಯೂ ತಪ್ಪಲಿಲ್ಲ. ಕೊನೆಯ ಕಾಲು ತಾಸು ಅವನು ಹೇಳಲೂ ಇಲ್ಲ. ಕಂಬಳಿಯನ್ನು ಮಡಿಸಿ ತಲೆಯ ಕೆಳಗಿಟ್ಟುಕೊಂಡು, ಸುಂದರವ್ವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ. ಅವಳು ತೋಳು ಜೋಮು ಹಿಡಿದರೂ ಅಲುಗಲಿಲ್ಲ.

ಬಾಗಿಲು ತೆರೆಯಿತು. ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಯಲ್ಲಕ್ಕ ಮೊದಲು ಇಳಿದು ಸೂರ್ಯನ ಕಡೆ ನೋಡಿ, ಒಳಗಿನ ಚೌಕದ ಕಡೆ ನೋಡಿ, "ಛಲೋ ಐತಿ. ಈ ಸಲ ಸುಳ್ಳ ಹೇಳಿಲ್ಲ," ಎಂದು ತೀರ್ಪು ಕೊಟ್ಟಳು. ದೊಡ್ಡ ಸಾಹೇಬರು ವೈಶಾಲಿಯ ಕೈ ಕುಲುಕಿದರು. ಅಲ್ಲಿಯೇ ನಿಂತು ಪುಣೆಯವರಿಗೆ ಬೇಡವೆಂದು ಫೋನು ಮಾಡಿದರು. ಶೆಡ್ಡಿನ ಹನ್ನೊಂದು ಜನ ಸುತ್ತಿಗೆಯಿಂದ ತಗಡು ಬಡಿದು ಎಬ್ಬಿಸಿದ ಗದ್ದಲಕ್ಕೆ ರಸ್ತೆಯ ಬಸ್ಸುಗಳು ನಿಧಾನ ಮಾಡಿ ನೋಡಿ ಹೋದವು. ವೈಶಾಲಿ ಅಪ್ಪನನ್ನು ತಬ್ಬಿಕೊಂಡಳು. ಧರೆಪ್ಪ ನಾಚಿ, "ಏ, ಬಿಡ ಬಿಡ, ಮಂದಿ ನೋಡಾಕತ್ತಾರ," ಎಂದ. ಆದರೆ ಬಿಡಿಸಿಕೊಳ್ಳಲಿಲ್ಲ.

ಬಸಗೊಂಡಪ್ಪ ಮೀಸೆಯ ಮೇಲೆ ಕೈ ಇಟ್ಟುಕೊಂಡು ಬಂದ. "ತಂಗಿ, ಬಟ್ಟಿ ರೊಕ್ಕಾ ಬ್ಯಾಡ. ಮಾತು ಅಂದ್ರ ಮಾತು. ಆದರ ಒಳಗ ನಾ ಏನೋ ಒದರಿದೆ ಅಂತ ಬನಹಟ್ಟಿಗಿ ಗೊತ್ತಾಗಬಾರದು."

"ನಾ ಹೇಳಂಗಿಲ್ರಿ. ಒಳಗಿದ್ದ ಹೆಂಗಸರದು ನಾ ಹೇಳಲಾರೆ."

ಧರೆಪ್ಪ ಅಜಯನನ್ನು ಕೇಳಿದ, "ಈ ಇಮಾನ ಯಾವಾಗ ಹಾರತೈತ್ರಿ?"

"ಇನ್ನ ಭಾಳ ವರ್ಷ ಬೇಕ್ರಿ ಮಾಮಾ. ಹತ್ತೋ, ಹದಿನೈದೋ."

"ಅಲ್ಲೀತನಕ ನಾ ಕಾಯಲೇನು?"

"ಯಾಕ ಕಾಯಬೇಕು?" ಎಂದಳು ಸುಂದರವ್ವ, ಇಪ್ಪತ್ತೆಂಟು ವರ್ಷದಿಂದ ಕಾದಿದ್ದ ಮಾತನ್ನು ಈಗ ಆಡುತ್ತ. "ಬೆಳಗಾವಿಂದ ಕಿಡಕಿ ಇದ್ದ ಇಮಾನ ಈಗೂ ಹಾರತಾವು. ಕಿಡಕಿ ಇಲ್ಲದ್ರಾಗ ನಿದ್ದಿ ಮಾಡಿದಾಂವ ಕಿಡಕಿ ಇದ್ದದ್ರಾಗ ಕುಂದರಂಗಿಲ್ಲೇನು?"

ಧರೆಪ್ಪ ಸುತ್ತ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ.

"ಮೂಡಲ ಕಡಿ ಕಿಡಕಿ ಹಿಡಿ ಮತ್ತ," ಎಂದ.

ಹೀಗಾಯಿತು. ಬಂದದ್ದು ಮೂರು ಕೋಣೆಯ ಕೆಲಸ, ಹನ್ನೊಂದು ಜನಕ್ಕೆ ಎರಡು ವರ್ಷದ ದುಡಿಮೆ, ಬಿಟ್ಟಿ ಬಟ್ಟೆ, ಮತ್ತು ದಾರಿಯಲ್ಲಿ ಪಕ್ಕದಲ್ಲಿ ಕೂರುವ ಗಂಡ. ಹೋದದ್ದು ನಲವತ್ತು ಮೀಟರ್ ಹೂವಿನ ಪರದೆ ಬಟ್ಟೆ, ಮತ್ತು ಊರಿಗೆ ಬರಲಾರೆ ಎನ್ನಲು ಧರೆಪ್ಪ ಇಟ್ಟುಕೊಂಡಿದ್ದ ನೆವ.